ಕುಂಕುಮವಿಟ್ಟ ಕಿವಿ ಮಿಷನ್ನು

ಮದ್ದೂರು
೩-೧೦-೧೯೭೭, ಸೋಮವಾರ

ನಮಸ್ಕಾರ.

ಬೆಳಗಿನ ಜಾವ ಮೂರೂ ಮುಕ್ಕಾಲು. ಗೋಡೆಯಾಚೆ ಅಕ್ಕಿ ಮಿಲ್ಲಿನ ಬೋರಯ್ಯನವರ ಮನೆ ಫೋನು ಹೊಡೆದುಕೊಂಡು ನನ್ನನ್ನು ಎಬ್ಬಿಸಿತು. ಅವರ ಲಾರಿ ನಿಡಘಟ್ಟದ ಹತ್ತಿರ ಕೆಟ್ಟು ನಿಂತಿತ್ತಂತೆ, ಡ್ರೈವರು ಎಲ್ಲಿಂದಲೋ ಫೋನು ಮಾಡಿದ್ದು. ಹನ್ನೆರಡು ಸಲವೋ ಹದಿಮೂರು ಸಲವೋ ಹೊಡೆದುಕೊಂಡಿತು. ಎದುರು ಮನೆ ಕೂಸು ಅಳುವುದಕ್ಕೆ ಶುರುಮಾಡಿತು, ಬೀದಿ ನಾಯಿಗಳೆಲ್ಲ ಎದ್ದವು. ನಮಗೂ ಅವರಿಗೂ ನಡುವೆ ಇರುವುದು ಒಂದೇ ಗೋಡೆ. ಗೋದಾ ಅದೇ ಗೋಡೆಗೆ ಕಿವಿ ಆನಿಸಿಕೊಂಡು ಮಲಗಿದ್ದಳು. ರೆಪ್ಪೆ ಕೂಡ ಅಲುಗಲಿಲ್ಲ.

ಆಮೇಲೆ ನನಗೆ ನಿದ್ದೆ ಬರಲಿಲ್ಲ. ಈಚೆಗೆ ಬರುವುದೂ ಇಲ್ಲ. ಲಾಂದ್ರ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಬ್ಲಫ್‌ನ ಪವರ್‌ಹೌಸ್ ಕ್ವಾರ್ಟರ್ಸು ಬಿಟ್ಟು, ನಿಮ್ಮನ್ನು ಮೆಸ್ಸಿನ ಊಟಕ್ಕೆ ಹಾಕಿ, ಇಲ್ಲಿ ಬಂದು ಕೂತಿರುವುದು ಯಾತಕ್ಕೆ? ಕೆರೆಬೀದಿ ಶಾಲೆಗೆ ಕಿವಿ ಕೇಳದ ಮಕ್ಕಳಿಗೆಂದೇ ತರಬೇತಾದ ಮೇಷ್ಟ್ರು ಬಂದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ. ದಿನಕ್ಕೊಂದು ಗಂಟೆ ಬೇರೆ ಪಾಠ, ಮಗುವಿಗೊಂದು ಕಿವಿ ಮಿಷನ್ನು. ಸರ್ಕಾರದ ಆದೇಶದಲ್ಲೇ ಹಾಗಿದೆ. ಹೆಡ್‌ಮಾಸ್ಟರ್ ಮಹದೇವಯ್ಯನವರನ್ನು ಕೇಳಿದಾಗಲೆಲ್ಲ, "ಮಿಷನ್ನು ಬರುತ್ತೆ ಕಣಮ್ಮ, ಪಾಠ ನಡೀತಾ ಇದೆ" ಅನ್ನುತ್ತಾರೆ. ನಡೆಯುತ್ತಿದ್ದರೆ ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಒಂದು 'ಪ' ಆದರೂ ಹೊರಡಬೇಡವೇ? ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದೆ. ಜಗಲಿಯಲ್ಲಿ ಒಬ್ಬಳೇ ಕೂತು ಹುಣಿಸೆಬೀಜ ಜೋಡಿಸುತ್ತಿದ್ದಳು. ಇವಳಿಗೆಂದು ಬಂದ ಹೊನ್ನಯ್ಯ ಮೇಷ್ಟ್ರು ಒಳಗೆ ಏಳನೇ ಕ್ಲಾಸಿನವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು.

ಮೈಸೂರಿನಲ್ಲಿ ಕಿವಿ ಪರೀಕ್ಷೆ ಮಾಡಿದ ಡಾಕ್ಟರು ಹೇಳಿದ್ದನ್ನು ನೀವೂ ಕೇಳಿಸಿಕೊಂಡಿರಿ. ಪೂರ್ತಿ ಹೋಗಿಲ್ಲ, ಮಿಷನ್ನು ಹಾಕಿ ಕಲಿಸಿದರೆ ಮಾತು ಬರುತ್ತೆ, ಆದರೆ ಎಂಟು ತುಂಬುವುದರೊಳಗೆ ಶುರುವಾಗಬೇಕು, ಆಮೇಲೆ ನಾಲಿಗೆ ತಿರುಗುವುದು ಕಷ್ಟ. ಬರುವ ಯುಗಾದಿಗೆ ಎಂಟು.

ಒಂದು ಕೇಳಬೇಕು. ಜುಲೈನಲ್ಲಿ ಒಂದು ಶನಿವಾರ ನೀವು ಶಾಲೆಗೆ ಹೋಗಿದ್ದಿರಲ್ಲ, ಹೆಡ್‌ಮಾಸ್ಟರು ಏನಾದರೂ ಹೇಳಿದರೇ? ಅವತ್ತು ನೀವು ಬಂದವರೇ ಸುಮ್ಮನೆ ಊಟಕ್ಕೆ ಕೂತಿರಿ. ನಾನೂ ಕೇಳಲಿಲ್ಲ.

ಇದನ್ನು ಕಂಡಕ್ಟರ್ ಅಂಕಯ್ಯನ ಕೈಲಿ ಕೊಡುತ್ತೇನೆ. ಅಂಚೆಗಿಂತ ಅವನೇ ವಾಸಿ. ಇಲ್ಲಿ ಬಸ್ಸು ಹತ್ತಿದ ಕಾಗದ ಮಳವಳ್ಳಿ ದಾಟಿ ಅವತ್ತೇ ನಿಮ್ಮ ಕೈ ಸೇರುತ್ತೆ.

ನಿಮ್ಮ
ಯದುಗಿರಿ


ಬ್ಲಫ್
೬-೧೦-೧೯೭೭

ಚಿ. ಸೌ. ಯದುಗಿರಿಗೆ ಆಶೀರ್ವಾದ.

ಕಾಗದ ತಲುಪಿತು. ಇಲ್ಲಿ ಕ್ಷೇಮ. ಹೊಳೆ ತುಂಬಿ ಬರುತ್ತಿದೆ, ಎಲ್ಲ ಮಿಷನ್ನುಗಳೂ ಓಡುತ್ತಿವೆ. ಈ ವಾರ ನನಗೆ ರಾತ್ರಿ ಪಾಳಿ.

ಮಹದೇವಯ್ಯನವರು ನಮ್ಮ ತಂದೆಯವರ ಶಿಷ್ಯರು. ಕೆಟ್ಟವರಲ್ಲ. ಹಬ್ಬ ಹತ್ತಿರ ಬಂದಿರುವಾಗ ಹೋಗಿ ಜಗಳ ತೆಗೆಯಬೇಡ. ಜುಲೈನಲ್ಲಿ ಹೇಳಿದ್ದು ಅಷ್ಟೇ, ಮಿಷನ್ನು ಬರುತ್ತೆ ಅಂತ. ಬೇರೆ ವಿಶೇಷವಿಲ್ಲ.

ಅಂಕಯ್ಯನ ಕೈಲಿ ಸೀಬೆಹಣ್ಣು ಕಳಿಸಿದ್ದೇನೆ. ಗೋದಾಗೆ ಬೀಜ ತೆಗೆದು ಕೊಡು. ನೀನು ನಿದ್ದೆ ಮಾಡು.

ಕಸ್ತೂರಿರಂಗ
೬-೧೦-೭೭, ಬೆ. ೬-೧೫


ಮದ್ದೂರು
೯-೧೦-೧೯೭೭, ಭಾನುವಾರ

ನಮಸ್ಕಾರ.

ಸೀಬೆಹಣ್ಣು ಬಂತು. ಬೀಜ ತೆಗೆಯುವಷ್ಟು ಹೊತ್ತು ಅವಳು ಎಲ್ಲಿ ಬಿಟ್ಟಳು! ನಿಮ್ಮ ಕಾಗದ ನೋಡಿ ನಗು ಬಂತು. ಹೆಂಡತಿಗೆ ಬರೆದದ್ದಕ್ಕೂ ಸಹಿಯ ಕೆಳಗೆ ತಾರೀಕು, ಗಂಟೆ! ಪವರ್‌ಹೌಸಿನ ಲಾಗ್ ಪುಸ್ತಕದ ಚಾಳಿ ನಿಮ್ಮನ್ನು ಬಿಡುವ ಹಾಗಿಲ್ಲ. ನಗು ಅಲ್ಲಿಗೇ ನಿಂತಿತು. ಮುಂದಿನದನ್ನು ಕೂತು ಓದಿ.

ನಿನ್ನೆ ಶಾಲೆಯಲ್ಲಿ ಆಯುಧಪೂಜೆ. ಹಬ್ಬದ ದಿನ ರಜ ಇರುವುದರಿಂದ, ಬಾಗಿಲು ಮುಚ್ಚುವ ದಿನವೇ ಪೂಜೆ ಮುಗಿಸುವುದು ಇಲ್ಲಿಯ ರೂಢಿ. ತಾಯಂದಿರನ್ನೂ ಕರೆದಿದ್ದರು. ಬೀರುವಿನಲ್ಲಿದ್ದದ್ದನ್ನೆಲ್ಲ ಈಚೆ ತೆಗೆದು ಮೇಜಿನ ಮೇಲೆ ಜೋಡಿಸಿದ್ದರು. ತಕ್ಕಡಿ, ಹಾರ್ಮೋನಿಯಂ, ಇನ್ನೂ ಪ್ಲಾಸ್ಟಿಕ್ಕು ಬಿಚ್ಚದ ಒಂದು ಭೂಗೋಳ. ಅವುಗಳ ನಡುವೆ ಎರಡು ಬೆಂಕಿಪೊಟ್ಟಣ ಸೇರಿಸಿದಷ್ಟು ದೊಡ್ಡ ಬೂದುಬಣ್ಣದ ಡಬ್ಬಿ, ಅದಕ್ಕೊಂದು ಸುತ್ತಿದ ವಯರು, ವಯರಿನ ತುದಿಗೆ ಗುಂಡಿಯಂಥದ್ದು. ಇಂಥದ್ದನ್ನೇ ನಾನು ಮೈಸೂರಿನ ಡಾಕ್ಟರ ಮೇಜಿನ ಮೇಲೆ ಕಂಡಿದ್ದೆ. ಡಬ್ಬಿಗೆ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ. ಸದ್ದು ಒಳಗೆ ಹೋಗುವ ಸಣ್ಣ ತೂತುಗಳಿರುತ್ತವಲ್ಲ, ಸರಿಯಾಗಿ ಅಲ್ಲಿಗೇ ಗಂಧ ಮೆತ್ತಿದ್ದರು. ಕೆಳಗೆ ಚೀಟಿ: ಕುಮಾರಿ ಕೆ. ಗೋದಾ, ಎರಡನೇ ತರಗತಿ.

ಮಂಗಳಾರತಿ ತಟ್ಟೆ ನನ್ನ ಮುಂದೆ ಬಂತು. ನಾನು ಕೈ ಚಾಚಲಿಲ್ಲ.

"ಸಾರ್, ಇದು ನನ್ನ ಮಗಳದು."

"ಹೌದಮ್ಮ, ನಿಮ್ಮ ಮಗಳದೇ. ಅದಕ್ಕೇ ಚೀಟಿ ಅಂಟಿಸಿರೋದು."

"ಯಾವಾಗ ಬಂತು?"

"ಸ್ಟಾಕ್ ರಿಜಿಸ್ಟರಿಗೆ ಏರಿದ್ದು ಜುಲೈ ಹದಿನೆಂಟು. ಅವತ್ತೇ ಪಾರ್ಸಲ್ ಬಂದದ್ದು."

"ಬರುತ್ತೆ ಬರುತ್ತೆ ಅಂತ ಮೊನ್ನೆವರೆಗೂ ಹೇಳಿದಿರಿ!"

"ಸರ್ಕಾರದ ಸಾಮಾನಮ್ಮ! ಮಗು ಕೈಗೆ ಕೊಟ್ಟು ಒಡೆದರೆ ಉತ್ತರ ಹೇಳೋರು ಯಾರು? ಆ ಹಾರ್ಮೋನಿಯಂ ನೋಡಿ. ಇಲಿ ಕಡಿದದ್ದಕ್ಕೆ ನಾಲ್ಕು ವರ್ಷ ಮೆಮೋ ಮೇಲೆ ಮೆಮೋ. ಇಲಿಗೆ ಮೆಮೋ ಕೊಡೋಕಾಗುತ್ತಾ? ನನಗೆ ಕೊಟ್ಟರು. ಮಿಷನ್ನು ಭದ್ರವಾಗಿದೆ, ಬಿಡಿ. ದಿನಾ ನಾನೇ ಬೀಗ ಎಳೆದು ನೋಡ್ತೀನಿ."

ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ ಅನ್ನುವುದೇ ನನಗೆ ಇನ್ನೂ ಅರಗುತ್ತಿಲ್ಲ. ನನ್ನ ಮಗಳ ಕಿವಿಯನ್ನು ಬೀಗ ಹಾಕಿ ಕಾಪಾಡಿದ್ದಕ್ಕೆ ನಾನು ಉಪಕಾರ ಹೇಳಬೇಕಿತ್ತೇನೋ. ಗೋದಾ ಡಬ್ಬಿಯ ಕಡೆಗೆ ಕೈ ಚಾಚಿದಳು. ಜವಾನ ಚಿಕ್ಕಮಾದು, "ಮುಟ್ಬ್ಯಾಡ ಕಣವ್ವ, ಪೂಜೆ ಆಗದೆ" ಅಂತ ಅವಳ ಕೈ ಹಿಡಿದ. ಆಮೇಲೆ ನನ್ನ ಮುಖ ನೋಡಿ ಬಿಟ್ಟುಬಿಟ್ಟ.

ಗೇಟಿನ ತನಕ ಹಿಂದೆಯೇ ಬಂದ. "ನಾನ್ ಯೋಳ್ಬಾರ್ದು ಕಣವ್ವ. ಒನ್ನಯ್ಯ ಮೇಷ್ಟ್ರು ನಿಮ್ಮ ಮಗೀಗೆ ಒಂದಿವ್ಸಾನೂ ಪಾಟ ಯೋಳಿಲ್ಲ. ಯೋಳಕ್ಕೆ ಬುಡ್ಬೇಕಲ್ಲ! ಲೆಕ್ಕದ ಮೇಷ್ಟ್ರು ರಿಟೇರಾದ್ರು, ಇವರ್ನ ಅಲ್ಲಿಗಾಕವ್ರೆ. ಆ ಪಾಟದ ಆಜ್ರಿ ಮಾತ್ರ ದಿನಾ ಬೀಳ್ತದೆ."

ಮಂಡ್ಯದ ವಿದ್ಯಾಧಿಕಾರಿಗಳಿಗೆ ಅರ್ಜಿ ಕೊಡುತ್ತೇನೆ. ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಮ್ಮ ಗ್ರಹಚಾರ ನೋಡಿ. ನೀವು ಶಾಲೆಗೆ ಹೋಗಿದ್ದ ಶನಿವಾರ ಹದಿನಾರನೇ ತಾರೀಕು, ಮಿಷನ್ನು ಬಂದದ್ದು ಹದಿನೆಂಟು. ಎರಡು ದಿನ ತಡೆದು ಹೋಗಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತಿತ್ತು.

ಯದುಗಿರಿ


ಬ್ಲಫ್
೧೩-೧೦-೧೯೭೭

ಚಿ. ಸೌ. ಯದುಗಿರಿಗೆ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ಅರ್ಜಿ ಈಗ ಬೇಡ. ದೀಪಾವಳಿಗೆ ನಾನೇ ಬಂದು ಮಹದೇವಯ್ಯನವರ ಹತ್ತಿರ ಕೂತು ಮಾತಾಡುತ್ತೇನೆ. ನೀನು ಓದಿದವಳು, ನಿಜ. ಆದರೆ ಆಫೀಸಿನ ಕಾಗದಪತ್ರ ಬೇರೆ. ಒಂದು ಅರ್ಜಿ ಹೋದರೆ ಹಳೆಯದೆಲ್ಲ ಈಚೆ ಬರುತ್ತೆ, ಯಾರ್ಯಾರ ಹೆಸರು ಬರುತ್ತೋ ಗೊತ್ತಿಲ್ಲ. ನಾನೂ ಇನ್ನೊಬ್ಬರ ಕೈಕೆಳಗೆ ದುಡಿಯುವವನು.

ಜುಲೈ ಮಾತು ಬಿಟ್ಟುಬಿಡು. ಗೋದಾ ರಾತ್ರಿ ಹೊದಿಕೆ ಒದೆಯುತ್ತಾಳೆ, ನೋಡಿಕೊ.

ಕಸ್ತೂರಿರಂಗ
೧೩-೧೦-೭೭, ಬೆ. ೬-೪೦


ಮದ್ದೂರು
೨-೧೧-೧೯೭೭, ಬುಧವಾರ

ನಮಸ್ಕಾರ.

ಇಷ್ಟು ದಿನ ಉತ್ತರ ಬರೆಯಲಿಲ್ಲ. ಏನು ಬರೆದಿದ್ದರೂ ಜಗಳವಾಗುತ್ತಿತ್ತು. ಕೆಲಸ ಮುಗಿಸಿಯೇ ಬರೆಯೋಣ ಅಂತ ಕೂತಿದ್ದೆ. ಮುಗಿಯಿತು. ಸೋಮವಾರ ಗೋದಾಳನ್ನು ಕರೆದುಕೊಂಡು ಮಂಡ್ಯಕ್ಕೆ ಹೋಗಿ ಅರ್ಜಿ ಕೊಟ್ಟು ಬಂದೆ.

ನಿಮ್ಮ ನೌಕರಿಗೆ ಏನಾದರೂ ತೊಡಕಾದೀತು ಅಂತ ತಾನೆ ನಿಮ್ಮ ಹೆದರಿಕೆ? ಅದಕ್ಕೇ ನಿಮ್ಮ ಹೆಸರೇ ಎತ್ತಿಲ್ಲ. 'ಮಗುವಿನ ತಾಯಿ' ಅಂತ ಬರೆದು ನಾನೇ ಸಹಿ ಹಾಕಿದ್ದೇನೆ. ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿದೆ. ಒಂದು ಅವರಿಗೆ, ಒಂದು ನನ್ನ ಟ್ರಂಕಿಗೆ, ಒಂದು ಇದರ ಜೊತೆ ನಿಮಗೆ. ಪುರುಸೊತ್ತಾದಾಗ ಓದಿ. ಕಣ್ಣೀರು ಒಂದು ಹನಿಯೂ ಹಾಕಿಲ್ಲ, ಬರೀ ತಾರೀಕುಗಳು.

ಗುಮಾಸ್ತರು ಮುಖ ಎತ್ತದೆ, "ಯಜಮಾನ್ರು ಬರಲಿಲ್ವೇನಮ್ಮ?" ಅಂದರು.

"ಅವರು ನಿಮ್ಮ ತಲೆ ಮೇಲಿರೋ ಫ್ಯಾನು ತಿರುಗಿಸ್ತಾ ಇದ್ದಾರೆ. ಬಿಡುವಿಲ್ಲ."

ಗುಮಾಸ್ತರು ಫ್ಯಾನು ನೋಡಿದರು, ನನ್ನನ್ನು ನೋಡಿದರು. ಏನು ಅರ್ಥವಾಯಿತೋ, ಎದ್ದು ಹೋಗಿ ಒಳಗೆ ಹೇಳಿ ಬಂದರು.

ವಿದ್ಯಾಧಿಕಾರಿ ಹೆಂಗಸು. ಸರಸಮ್ಮ ಅಂತ. ನಾಲ್ಕು ಪುಟವನ್ನೂ ಓದಿದರು, ನಡುವೆ ಒಂದು ಸಲವೂ ಗಡಿಯಾರ ನೋಡಲಿಲ್ಲ. ಓದಿ ಮುಗಿಸಿ ಪೇಪರ್‌ವೆಯ್ಟು ತೆಗೆದು ಮೇಜಿನ ಮೇಲೆ ಟಕ್ ಅಂತ ಕುಟ್ಟಿದರು. ಗೋದಾ ಅವರ ಕಡೆ ನೋಡಲಿಲ್ಲ. ಆದರೆ ಮೇಜಿನ ಮೇಲೆ ಅಂಗೈ ಅಗಲಿಸಿ ಇಟ್ಟಳು. ಅವರು ಇನ್ನೊಂದು ಸಲ ಕುಟ್ಟಿದರು. ಇವಳು ನಕ್ಕಳು, ಅಂಗೈಯಿಂದಲೇ ತಿರುಗಿ ಕುಟ್ಟಿದಳು.

"ಈ ಮಗೂನ ಜಗಲಿ ಮೇಲೆ ಕೂರಿಸಿದ್ದಾರಾ?" ಅಂದರು ಸರಸಮ್ಮನವರು. ಅಷ್ಟೇ. ಶಾಲೆಯಿಂದ ವಿವರಣೆ ತರಿಸಿ ನಾನೇ ಬಂದು ನೋಡುತ್ತೇನೆ ಅಂತ ಅರ್ಜಿಯ ಮೇಲೆ ಬರೆದರು. ನನ್ನ ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದೆ. ಅವತ್ತು ರಾತ್ರಿ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಮಾಡಿದೆ.

ದೀಪಾವಳಿಗೆ ಬನ್ನಿ. ಮಹದೇವಯ್ಯನವರ ಹತ್ತಿರ ಮಾತಾಡುವುದಕ್ಕಲ್ಲ, ನಮ್ಮನ್ನು ನೋಡುವುದಕ್ಕೆ.

ಯದುಗಿರಿ


ಬ್ಲಫ್
೧೨-೧೧-೧೯೭೭

ಚಿ. ಸೌ. ಯದುಗಿರಿಗೆ ಆಶೀರ್ವಾದ.

ಹಬ್ಬಕ್ಕೆ ಬರಲಾಗಲಿಲ್ಲ. ಮೂರನೇ ಮಿಷನ್ನಿನ ಬೇರಿಂಗು ಬಿಸಿಯಾಗಿ ನಿಲ್ಲಿಸಬೇಕಾಯಿತು. ನೀವಿಬ್ಬರೇ ಎಣ್ಣೆ ಹಚ್ಚಿಕೊಂಡಿರಿ ಅಂತ ತಿಳಿದಿದ್ದೇನೆ.

ಅರ್ಜಿ ಓದಿದೆ. ಚೆನ್ನಾಗಿದೆ. ನಾನಾಗಿದ್ದರೆ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ನಿನಗೆ ಒಂದು ಮಾತು ಹೇಳಬೇಕಿತ್ತು. ಕಾಗದದಲ್ಲಿ ಆಗುವುದಿಲ್ಲ, ಬಂದಾಗ ಹೇಳುತ್ತೇನೆ.

ಕಸ್ತೂರಿರಂಗ


ಮದ್ದೂರು
೨೩-೧೧-೧೯೭೭, ಬುಧವಾರ, ಸಂಜೆ ನಾಲ್ಕು ಗಂಟೆ

ನಮಸ್ಕಾರ.

ಅಂಕಯ್ಯನ ಬಸ್ಸು ಐದಕ್ಕೆ ಹೊರಡುತ್ತೆ. ಒಂದು ಗಂಟೆಯಲ್ಲಿ ಎಲ್ಲ ಬರೆಯಬೇಕು. ನೀವೂ ಎಲ್ಲವನ್ನೂ ಓದಬೇಕು, ನಡುವೆ ಮಡಿಸಿ ಜೇಬಿಗಿಡಬಾರದು.

ನಾಳೆ ಬೆಳಿಗ್ಗೆ ಹತ್ತಕ್ಕೆ ಸರಸಮ್ಮನವರು ಶಾಲೆಗೆ ಬರುತ್ತಾರೆ. ಶಾಲೆ ಕೊಟ್ಟ ವಿವರಣೆಯ ನಕಲನ್ನು ನನಗೂ ಕಳಿಸಿದ್ದಾರೆ, ಇವತ್ತಿನ ಟಪಾಲಿಗೆ ಬಂತು. ಅದರಲ್ಲಿ ಒಂದು ರಸೀತಿಯ ನಕಲಿದೆ. 'ಮಗಳಿಗೆ ಕಿವಿ ಮಿಷನ್ನು ಸ್ವೀಕರಿಸಿರುತ್ತೇನೆ. ದಿನವೂ ವಿಶೇಷ ಪಾಠ ನಡೆಯುತ್ತಿದ್ದು ತೃಪ್ತಿಕರವಾಗಿದೆ. ಪೋಷಕರ ಸಹಿ.' ಕೆಳಗೆ ನಿಮ್ಮ ಹೆಸರು.

ಹೋದ ಕಾಗದದಲ್ಲಿ ಸಹಿಯ ಕೆಳಗೆ ತಾರೀಕು ಹಾಕದೆ ಬಿಟ್ಟಿದ್ದಿರಿ. ಆಗಲೇ ಏನೋ ಅನ್ನಿಸಿತ್ತು. ನೌಕರಿಯ ಭಯ ಅಂತ ನಾನೇ ಬಾಯಿಮುಚ್ಚಿಕೊಂಡೆ. ಈಗ ಗೊತ್ತಾಯಿತು, ಹೇಳಬೇಕಿದ್ದ ಮಾತು ಯಾವುದು ಅಂತ.

ನನಗೆ ಸಿಟ್ಟು ಬಂತು. ಮಧ್ಯಾಹ್ನ ಊಟ ಮಾಡಲಿಲ್ಲ. ಪಕ್ಕದ ಮನೆ ಅಂಕಮ್ಮನವರು, ಬೋರಯ್ಯನವರ ಹೆಂಡತಿ, ಬಾಗಿಲಲ್ಲಿ ನಿಂತು, "ಯಾಕವ್ವ, ಮೊಕ ಇಂಗಾಗದೆ? ಗಂಡ ಒಡುದ್ನಾ?" ಅಂದರು. "ಇಲ್ಲ, ಸಹಿ ಹಾಕಿದರು" ಅಂದೆ. ಪೂರ್ತಿ ಕೇಳಿಸಿಕೊಂಡು, "ಗಂಡಸ್ರೇ ಇಷ್ಟು ಕಣವ್ವ. ಓದೋ ಕಾಗ್ಜ ಓದಕ್ಕಿಲ್ಲ, ಆಕ್ಬಾರದ ಕಡೆ ರುಜು ಆಕ್ತರೆ. ನಮ್ಮೋರು ಇಂಗೇ ಒಂದು ಲಾರಿ ಕಳಕೊಂಡ್ರು" ಅಂದರು. ನಗುವೂ ಬಂತು, ಅಳುವೂ ಬಂತು.

ಆಮೇಲೆ ನಕಲನ್ನು ಇನ್ನೊಂದು ಸಲ ನೋಡಿದೆ. ಮಂಡ್ಯದ ಗುಮಾಸ್ತರು ಪುಣ್ಯಾತ್ಮರು, ಒಂದಕ್ಷರ ಬಿಡದೆ ನಕಲು ಮಾಡಿದ್ದಾರೆ. ನಿಮ್ಮ ಸಹಿಯ ಕೆಳಗೆ: ೧೬-೭-೭೭, ಬೆ. ೧೧-೨೦.

ಹದಿನಾರು! ಪಾರ್ಸಲ್ ಬಂದದ್ದು ಹದಿನೆಂಟು ಅಂತ ಅವರದೇ ಸ್ಟಾಕ್ ರಿಜಿಸ್ಟರು ಹೇಳುತ್ತೆ. ಇನ್ನೂ ಊರಿಗೇ ಬಾರದ ಮಿಷನ್ನನ್ನು ನೀವು ಹೇಗೆ ತೆಗೆದುಕೊಂಡಿರಿ? ಬರುವುದು ಹೇಗೂ ಬರುತ್ತೆ, ಸುಮ್ಮನೆ ಮತ್ತೆ ಓಡಾಡುವುದು ಯಾಕೆ, ಮೊದಲೇ ಒಂದು ಸಹಿ ಹಾಕಿ ಹೋಗಿ ಅಂದಿರಬೇಕು ಮಹದೇವಯ್ಯನವರು. ತಂದೆಯವರ ಶಿಷ್ಯರು ಕೇಳಿದರಲ್ಲ ಅಂತ ನೀವೂ ಹಾಕಿದಿರಿ. ತಾರೀಕಿನ ಜಾಗ ಖಾಲಿ ಬಿಡಿ ಅಂತಲೂ ಅಂದಿರಬಹುದು. ಆದರೆ ಲಾಗ್ ಪುಸ್ತಕದ ಕೈ ಕೇಳಬೇಕಲ್ಲ.

ರೀ, ನೀವು ಓದದೆ ಸಹಿ ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಕೋಣೆಯಲ್ಲಿ ಗೋದಾಳ ಕಿವಿಯ ಮಾತು ಬಂದ ತಕ್ಷಣ ಎದ್ದು ಹೋದರೆ ಸಾಕು ಅನ್ನಿಸಿರುತ್ತೆ. ನಿಮ್ಮನ್ನು ನಾನು ಬಲ್ಲೆ. ಹೇಳದೆ ಇದ್ದಿರಲ್ಲ, ಅದಕ್ಕೆ ಸಿಟ್ಟು. ಆ ಒಂದು ಕಾಗದ ತೋರಿಸಿಯೇ ಅವರು ಇಷ್ಟು ದಿನ ಧೈರ್ಯವಾಗಿ ಕೂತದ್ದು.

ನಾಳೆ ಅವರು, ತಾರೀಕು ಕೈತಪ್ಪಿ ಬಿದ್ದದ್ದು ಅನ್ನುತ್ತಾರೆ. ಅನ್ನಲಿ. ನಿಮ್ಮ ಮೊದಲ ಎರಡು ಕಾಗದ ನನ್ನ ಹತ್ತಿರ ಇವೆ, ಎರಡರ ಕೆಳಗೂ ತಾರೀಕು, ಗಂಟೆ. ಈ ಮನುಷ್ಯ ಹೆಂಡತಿಗೆ ಸೀಬೆಹಣ್ಣು ಕಳಿಸಿದರೂ ನಿಮಿಷ ಬರೆಯುತ್ತಾನೆ, ಇವನ ಕೈ ತಾರೀಕು ತಪ್ಪುವುದಿಲ್ಲ ಅಂತ ಮೇಜಿನ ಮೇಲಿಟ್ಟು ತೋರಿಸುತ್ತೇನೆ. ನೀವು ಬಾರದಿದ್ದರೂ ತೋರಿಸುತ್ತೇನೆ. ಆದರೆ ಕಾಗದ ಹೇಳುವುದಕ್ಕೂ ಸಹಿ ಹಾಕಿದವರೇ ನಿಂತು, "ನಾನು ಸಹಿ ಹಾಕಿದಾಗ ಮಿಷನ್ನು ಬಂದಿರಲಿಲ್ಲ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಒಂಬತ್ತರೊಳಗೆ ಇಲ್ಲಿರುತ್ತೀರಿ.

ಇನ್ನೊಂದು ವಿಷಯ. ಮಿಷನ್ನು ಈಗ ನಮ್ಮ ಮನೆಯಲ್ಲಿದೆ.

ಎದೆ ಹೊಡೆದುಕೊಳ್ಳಬೇಡಿ, ಕದ್ದದ್ದಲ್ಲ. ಅಧಿಕಾರಿಗಳು ಬಂದಾಗ ಅದು ನಡೆಯದಿದ್ದರೆ ತಲೆ ಹೋದೀತು ಅಂತ ಮಹದೇವಯ್ಯನವರೇ ಹೊನ್ನಯ್ಯ ಮೇಷ್ಟ್ರ ಕೈಲಿ ಕೊಟ್ಟು ಕಳಿಸಿದ್ದಾರೆ. ಒಂದು ರಾತ್ರಿ ಮಗುವಿಗೆ ಹಾಕಿ ನೋಡಿ, ಬೆಳಿಗ್ಗೆ ಎಂಟಕ್ಕೆ ಬೀರುವಿಗೆ ವಾಪಸು. ಎರಡು ಗಂಟೆಗೆ ಬಂದರು. ಜೊತೆಗೆ ಚಿಕ್ಕಮಾದು. ಅವನು ನಮ್ಮ ಜಗಲಿಯಲ್ಲಿ ಕೂತು ತೂತುಗಳೊಳಗೆ ಒಣಗಿದ್ದ ಗಂಧವನ್ನು ಪರಕೆಕಡ್ಡಿಯಲ್ಲಿ ಒಂದೊಂದಾಗಿ ಬಿಡಿಸಿದ. "ನಾನೇ ಮೆತ್ತಿದ್ದು ಕಣವ್ವ, ದೇವ್ರು ಅಂತ ಮೆತ್ತುದೆ, ತಪ್ಪಾಯ್ತು" ಅಂದ. ಹೊನ್ನಯ್ಯನವರು ಸೆಲ್ಲು ಹಾಕಿ, ಗುಂಡಿಯನ್ನು ಗೋದಾಳ ಕಿವಿಗೆ ಕೂರಿಸಿದರು. "ನಾನು ಎರಡು ವರ್ಷ ಕಲಿತದ್ದು ಇದೊಂದೇ ಕೆಲಸ ತಾಯಿ. ಇಲ್ಲಿಗೆ ಬಂದ ಮೇಲೆ ಇವತ್ತೇ ಮೊದಲು ಮಾಡ್ತಾ ಇರೋದು" ಅಂದರು. ನಾಳೆ ಸರಸಮ್ಮನವರ ಮುಂದೆ ಹಾಜರಿಯ ನಿಜ ನಾನೇ ಹೇಳುತ್ತೇನೆ ಅಂದಿದ್ದಾರೆ. ನನಗಿಂತ ಹೆಚ್ಚು ಹೆದರಿದ್ದಾರೆ, ಆದರೂ ಹೇಳುತ್ತಾರೆ.

ಗೋದಾ ಇನ್ನೂ ಯಾವುದಕ್ಕೂ ತಿರುಗಿಲ್ಲ. ವಯರು ಹಿಡಿದುಕೊಂಡು ಕಣ್ಣು ಅಗಲಿಸಿ ಕೂತಿದ್ದಾಳೆ, ಅಷ್ಟೇ. ಕರೆದೆ, ತಟ್ಟೆ ಬಡಿದೆ. ಹೊನ್ನಯ್ಯನವರು ತಡೆದರು. ಈಗ ಅವಳ ತಲೆಯೊಳಗೆ ಎಲ್ಲ ಸದ್ದೂ ಕಲಸಿಹೋಗಿರುತ್ತೆ, ಗಲಾಟೆ ಮಾಡಬೇಡಿ, ಬೀದಿಯೆಲ್ಲ ಸುಮ್ಮನಾದ ಮೇಲೆ ಒಂದೇ ಥರದ ಒಂದು ಸದ್ದು ಕೇಳಿಸಿ, ಜೋರಾಗಿರಬೇಕು, ಬಿಟ್ಟು ಬಿಟ್ಟು ಬರಬೇಕು, ಬಹಳ ಹೊತ್ತು ಬರಬೇಕು ಅಂದರು.

ಅಂಥ ಸದ್ದು ಯಾವುದು ಅಂತ ನಾನು ಯೋಚನೆ ಮಾಡಬೇಕಾಗಲೇ ಇಲ್ಲ.

ಅಂಕಮ್ಮನವರನ್ನು ಕೇಳಿದೆ. "ಇಲ್ಲೇ ಮನಿಕ್ಕೊ ಕಣವ್ವ, ಎಷ್ಟೊತ್ಗಾದ್ರೂ ಬರ್ಲಿ ಫೋನು. ನಾನೂ ನೋಡ್ಬೇಕು" ಅಂದಿದ್ದಾರೆ. ಅವರ ನಡುಮನೆಯಲ್ಲಿ, ಫೋನಿನ ಮೇಜಿನ ಕೆಳಗೆ ಹಾಸಿಗೆ ಹಾಕಿಕೊಳ್ಳುತ್ತೇವೆ. ಮಿಷನ್ನು ಅವಳ ಎದೆಯ ಮೇಲಿರುತ್ತೆ. ನಿದ್ದೆ ಮಾಡಬೇಡ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಇವತ್ತು ನಿಮಗೆ ರಾತ್ರಿ ಪಾಳಿ. ಪವರ್‌ಹೌಸಿನ ಫೋನು ನಿಮ್ಮ ಪಕ್ಕದಲ್ಲೇ ಇರುತ್ತೆ. ಮಳವಳ್ಳಿ ಎಕ್ಸ್‌ಚೇಂಜಿನವರಿಗೆ ಹೇಳಿ ಮದ್ದೂರಿಗೆ ಟ್ರಂಕ್ ಕಾಲ್ ಹಾಕಿಸಿ, ಅಕ್ಕಿ ಮಿಲ್ಲಿನ ಬೋರಯ್ಯನವರ ಮನೆ ಅಂದರೆ ಸಾಕು. ಬರುತ್ತೇನೆ ಅಂತ ಒಂದು ಮಾತು ಹೇಳಿ. ಹೇಳುವುದಕ್ಕೆ ಬಾಯಿ ಬಾರದಿದ್ದರೆ ಏನೂ ಹೇಳಬೇಡಿ, ಬರೀ ಬಾರಿಸಿ. ನಾನು ಬೇಗ ಎತ್ತುವುದಿಲ್ಲ. ಹತ್ತು ಸಲ ಆಗಲಿ, ಇಪ್ಪತ್ತು ಸಲ ಆಗಲಿ, ಅವಳು ತಲೆ ತಿರುಗಿಸಿ ನೋಡುವವರೆಗೂ ಎತ್ತುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಇಟ್ಟುಬಿಡಬೇಡಿ. ಲೈನು ಕಡಿದರೆ ಮತ್ತೆ ಹಾಕಿಸಿ. ಬೆಳಗಾದರೆ ಮಿಷನ್ನು ಬೀರುವಿಗೆ ಹೋಗುತ್ತೆ. ರೀ, ಬೆಳಗಾಗುವುದರೊಳಗೆ ಫೋನು ಮಾಡಿ.